ಹತ್ತನೆಯ ಪದ

ಸರೋವರದ ದಡದ ತಿಬೇರಿಯ ಊರಿನ ಹಳೆಯ ಮಾರುಕಟ್ಟೆ ಇನ್ನೂ ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ಪಿನ್ಹಾಸನ ಫ್ರಿಜ್ ರಿಪೇರಿ ಅಂಗಡಿಯಲ್ಲಿ ಜಗಳ ಶುರುವಾಗಿರುತ್ತಿತ್ತು. ಹೊಸಬರಾದರೆ ಹೊಡೆದಾಟವೇ ಆಗಿಬಿಡುತ್ತದೇನೋ ಎಂದು ಬಿಡಿಸಲು ಓಡಿ ಬರಬೇಕು, ಅಷ್ಟು ಜೋರು. ಎದುರಿನ ಮೀನಿನಂಗಡಿಯವನು ಮಾತ್ರ ತಲೆ ಕೂಡ ಎತ್ತುತ್ತಿರಲಿಲ್ಲ. ಪಿನ್ಹಾಸ್ ಮತ್ತು ಎಲ್ಕಾನಾ ಓದುತ್ತಿದ್ದಾರೆಂದು ಅವನಿಗೆ ಗೊತ್ತು. ಯೆಹೂದಿ ಧರ್ಮಶಾಸ್ತ್ರ ಓದುವುದೆಂದರೆ ಇಲ್ಲಿ ಹಾಗೆಯೇ. ಇಬ್ಬರು ಜೋಡಿಯಾಗಿ ಕೂರಬೇಕು, ಒಬ್ಬ ಕಟ್ಟಿದ ಮಾತನ್ನು ಇನ್ನೊಬ್ಬ ಕೆಡವಬೇಕು. ಸುಮ್ಮನೆ ತಲೆಯಾಡಿಸುವವನು ಜೋಡಿಗೆ ಬರುವುದಿಲ್ಲ.

ಆ ದಿನ ಪುಟ ಆರಿಸಿದವನು ಪಿನ್ಹಾಸ್. ಧರ್ಮದ ನ್ಯಾಯಪೀಠದ ಮಾತು ಕೇಳದೆ ಹೆಂಡತಿಗೆ ಮದುವೆಯ ಬಿಡುಗಡೆ ಪತ್ರ ಕೊಡದ ಗಂಡನನ್ನು ಊರು ಏನು ಮಾಡಬಹುದು ಎಂಬ ವಿಷಯ. ತಾನು ಬಿಗಿಯಾಗಿ ಹೇಳಲಾಗದ್ದನ್ನು ಪುಟವೇ ಹೇಳಲಿ ಎಂಬುದು ಅವನ ಹಂಚಿಕೆ. ಹೇಡಿಯ ಹಂಚಿಕೆ ಎಂದು ಅವನಿಗೂ ಗೊತ್ತಿತ್ತು.

ಎಲ್ಕಾನಾ ಶಾಲೆಯ ಮೇಷ್ಟ್ರು. ಗಂಟು ಕಂಡರೆ ಬಿಚ್ಚುವ ತನಕ ಬಿಡುವವನಲ್ಲ.

"ನೋಡು, ಅವನ ಕೈ ತಿರುಚೋ ಹಾಗಿಲ್ಲ. ಹಾಗೆ ಕೊಡಿಸಿದ ಪತ್ರ ಪತ್ರವೇ ಅಲ್ಲ. ಸರಿ, ಮತ್ತೇನು ಮಾಡ್ಬೇಕು? ಅವನನ್ನ ಮುಟ್ಟೋದು ಬೇಡ, ನನ್ನ ಕೈ ನಾನು ಹಿಂದಕ್ಕೆ ತಗೋತೀನಿ! ಅವನ ಹತ್ರ ವ್ಯಾಪಾರ ಮಾಡಲ್ಲ, ಪ್ರಾರ್ಥನೆಗೆ ಹತ್ತು ಜನ ಬೇಕಾದಾಗ ಅವನ ಜೊತೆ ನಿಲ್ಲಲ್ಲ. ನಿಲ್ಲೋದು ಬಿಡೋದು ನನ್ನಿಷ್ಟ. ಅದನ್ನ ಬಲವಂತ ಅಂತ ಯಾರು ಅಂತಾರೆ? ಎಂಥಾ ತಲೆ ನೋಡು ಹಿರಿಯರದು!" ಎಂದು ಮೇಜು ಗುದ್ದಿದ. ಪುದೀನ ಚಹಾ ಚೆಲ್ಲಿತು.

ನಾಲ್ಕು ವರ್ಷಗಳಿಂದ ತನ್ನ ಹೆಂಡತಿ ತಿರ್ಜಾಳಿಗೆ ಆ ಪತ್ರ ಕೊಡದೆ ಕಾಡಿಸುತ್ತಿದ್ದವನು ಇದೇ ಎಲ್ಕಾನಾ. ಪುಟದಲ್ಲಿರುವವನು ತಾನೇ ಎಂಬುದು ಆ ಜಾಣನ ತಲೆಗೆ ಹೋಗಲೇ ಇಲ್ಲ. ಪಿನ್ಹಾಸ್ ಬಟ್ಟೆ ತಂದು ಚಹಾ ಒರೆಸಿದ.

"ನಾಳೆ ಅಪ್ಪ ತೀರಿಕೊಂಡ ದಿನ," ಎಂದ ಎಲ್ಕಾನಾ ಪುಸ್ತಕ ಮುಚ್ಚಿ. "ಸಂಜೆ ಪ್ರಾರ್ಥನೆಗೆ ತಡ ಮಾಡಿದ್ರೆ ನಿನ್ನ ಕಿವಿ ಕೀಳ್ತೀನಿ. ಸೂರ್ಯ ಮುಳುಗೋದ್ರೊಳಗೆ ಕಡ್ಡೀಷ್ ಹೇಳ್ಬೇಕು ನಾನು."

ಸತ್ತ ತಂದೆಗಾಗಿ ಮಗ ಹೇಳುವ ಆ ಪ್ರಾರ್ಥನೆಗೆ ಹತ್ತು ಗಂಡಸರು ಬೇಕೇ ಬೇಕು. ಪ್ರಾರ್ಥನೆ ನಡೆಯುವ ಊರಿನ ಉಳಿದ ಸಿನಗಾಗ್‌ಗಳ ಬಾಗಿಲಲ್ಲಿ ಎಲ್ಕಾನಾನನ್ನು ಒಳಗೆ ಸೇರಿಸಬೇಡಿ ಎಂಬ ನೋಟೀಸು ಅಂಟಿಸಿ ಆಗಿತ್ತು. ಮಾರುಕಟ್ಟೆಯ ಈ ಪುಟ್ಟ ಸಿನಗಾಗ್‌ನಲ್ಲಿ ಮಾತ್ರ ಅಂಟಿಸಿರಲಿಲ್ಲ. ನಮ್ಮ ಹುಡುಗ, ಮಸೂದ್ ಮೇಷ್ಟ್ರ ಮಗ ಎಂಬ ದಾಕ್ಷಿಣ್ಯ. ಪಿನ್ಹಾಸನಿಗಂತೂ ಮಸೂದ್ ಮೇಷ್ಟ್ರೆಂದರೆ ತಂದೆಗಿಂತ ಹೆಚ್ಚು. ಅಪ್ಪನಿಲ್ಲದ ಹುಡುಗನನ್ನು ಮಗನ ಪಕ್ಕದಲ್ಲೇ ಕೂರಿಸಿಕೊಂಡು ಅಕ್ಷರ ತಿದ್ದಿಸಿದವರು ಅವರು.

ಸಂಜೆ ಮನೆಗೆ ಹೋದರೆ ಅಡುಗೆಮನೆಯಲ್ಲಿ ಹೆಂಡತಿ ಜೋಹರಾಳ ಜೊತೆ ತಿರ್ಜಾ ಕೂತು ಬಟಾಣಿ ಸುಲಿಯುತ್ತಿದ್ದಳು. ಇವನನ್ನು ಕಂಡದ್ದೇ ಇಬ್ಬರ ಮಾತೂ ನಿಂತಿತು.

"ಬಂದ್ರಪ್ಪ ಪಂಡಿತರು," ಎಂದಳು ಜೋಹರಾ. "ಇವತ್ತು ಯಾವ ಪುಟ ಆಯ್ತು?"

"ಬಿಡು ಜೋಹರಾ," ಎಂದಳು ತಿರ್ಜಾ.

"ಯಾಕೆ ಬಿಡ್ಬೇಕು? ನ್ಯಾಯಪೀಠ ಹೇಳಿ ಆಯ್ತು. ಆದ್ರೂ ಅವನು ಪತ್ರ ಕೊಡೋ ತನಕ ಇವಳು ಇನ್ನೊಂದು ಮದುವೆ ಆಗೋ ಹಾಗಿಲ್ಲ, ಒಂದು ಮಗು ಹೆರೋ ಹಾಗಿಲ್ಲ. ಮೂವತ್ತೊಂಬತ್ತು ತುಂಬ್ತು ಇವಳಿಗೆ."

"ಅವನಿಗೆ ಹೇಳಿದೀನಿ ನಾನು," ಎಂದ ಪಿನ್ಹಾಸ್.

"ಹೇಳಿದೆ. ಆಮೇಲೆ ಚಹಾ ಕೊಟ್ಟೆ."

ತಿರ್ಜಾ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. "ಅವನು ಕೆಟ್ಟವನಲ್ಲ ಪಿನ್ಹಾಸ್. ಕುಡುಕನೋ ಹೊಡೆಯೋನೋ ಆಗಿದ್ರೆ ಎಲ್ರೂ ಯಾವಾಗ್ಲೋ ನನ್ನ ಕಡೆ ಬರ್ತಿದ್ರು. ಬೆಳಿಗ್ಗೆ ನಿಮ್ಮಂಗಡಿಯಿಂದ ಅವನ ದನಿ ಕೇಳುತ್ತೆ. ನ್ಯಾಯದ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡ್ತಾನೆ! ಅದನ್ನ ಕೇಳಲಾರದೆ ಬೇರೆ ಬೀದಿ ಹಿಡಿದು ಕೆಲಸಕ್ಕೆ ಹೋಗ್ತೀನಿ ನಾನು."

ಅವಳು ಅವನನ್ನು ಏನೂ ಬೇಡಿಕೊಳ್ಳಲಿಲ್ಲ. ಬೇಡಿಕೊಂಡಿದ್ದರೆ ಸುಲಭವಾಗುತ್ತಿತ್ತು, ಏನಾದರೊಂದು ನೆವ ಹೇಳಬಹುದಿತ್ತು.

ಮರುದಿನ ಪಿನ್ಹಾಸನಿಗೆ ಕೆಲಸ ಕೈಗೆ ಹತ್ತಲಿಲ್ಲ. ಬಿಚ್ಚಿದ ಯಂತ್ರ ಬಿಚ್ಚಿದಂತೆಯೇ ಬಿದ್ದಿತ್ತು. ಇವತ್ತೊಂದು ದಿನ ನಿಂತುಬಿಡುತ್ತೇನೆ, ಮಸೂದ್ ಮೇಷ್ಟ್ರ ಸಲುವಾಗಿ, ನಾಳೆಯಿಂದ ಬಿಗಿಯಾಗಿರುತ್ತೇನೆ ಎಂದುಕೊಂಡ. ನಾಲ್ಕು ವರ್ಷಗಳಿಂದ ಇದೇ ನಾಳೆಯನ್ನು ನಂಬಿಕೊಂಡು ಬಂದಿದ್ದು ನೆನಪಾಗಿ ತನ್ನ ಮೇಲೇ ಹೇಸಿಗೆ ಬಂತು.

ಸಿನಗಾಗ್‌ಗೆ ಹೋಗುವಾಗ ಬಿಸಿಲು ಗುಡ್ಡದ ತುದಿಗೆ ಸರಿದಿತ್ತು. ಒಳಗೆ ಮೇಲ್ವಿಚಾರಕ ಮುದುಕ ನಹೂಮ್ ತಲೆ ಎಣಿಸುತ್ತಿದ್ದ. ಮನುಷ್ಯರನ್ನು ಒಂದು, ಎರಡು ಎಂದು ಎಣಿಸುವ ಪದ್ಧತಿ ಇಲ್ಲಿಲ್ಲ. ಹತ್ತು ಪದಗಳ ಒಂದು ಶ್ಲೋಕವಿದೆ, ತಲೆಗೊಂದು ಪದ ಹೇಳುತ್ತ ಹೋಗುವುದು. ಮೀನಿನವನ ಮೇಲೆ ಒಂದು ಪದ, ಹಣ್ಣಿನವನ ಮೇಲೆ ಒಂದು. ಒಂಬತ್ತನೆಯದು ಎಲ್ಕಾನಾನ ಮೇಲೆ ಬಂತು. ಹತ್ತನೆಯ ಪದ ಮುದುಕನ ಬಾಯಲ್ಲೇ ಉಳಿಯಿತು. ಅವನು ಬಾಗಿಲ ಕಡೆ ನೋಡಿದ.

ಪಿನ್ಹಾಸ್ ಹೊಸ್ತಿಲಿನ ಆಚೆ ನಿಂತಿದ್ದ.

"ಬಾರೋ ಒಳಗೆ, ಹೊತ್ತು ಮುಳುಗ್ತಿದೆ," ಎಂದ ನಹೂಮ್.

"ನಾನು ಬರಲ್ಲ."

ಎಲ್ಕಾನಾ ಒಮ್ಮೆ ನಕ್ಕ. ಆಮೇಲೆ ಸ್ನೇಹಿತನ ಮುಖ ನೋಡಿದ. ನಗು ಹೋಯಿತು. ಬಾಗಿಲಿಗೆ ಬಂದ.

"ತಮಾಷೆ ಮಾಡೋ ದಿನ ಅಲ್ಲ ಇದು."

"ಗೊತ್ತು. ನಿನ್ನ ಜೊತೆ ನಿಲ್ಲೋದು ಬಿಡೋದು ನನ್ನಿಷ್ಟ ಅಂತ ನಿನ್ನೆ ನೀನೇ ಹೇಳಿಕೊಟ್ಟೆ. ಮೇಜು ಗುದ್ದಿ ಹೇಳಿಕೊಟ್ಟೆ."

ಎಲ್ಕಾನಾನ ತುಟಿ ಬಿಳಿಚಿಕೊಂಡಿತು. ಈಗ ತಲೆಗೆ ಹೋಯಿತು. "ನನ್ನ ಅಪ್ಪನ ದಿನ ಹಿಡ್ಕೊಂಡು ನನ್ನ ಕುತ್ತಿಗೆ ಹಿಸುಕ್ತೀಯಾ? ನಿನಗೆ ಅಕ್ಷರ ಕಲಿಸಿದೋರು ಕಣೋ ಅವರು!"

"ಅದಕ್ಕೇ ನನಗೆ ಇಷ್ಟು ಸಂಕಟ. ಆದ್ರೂ ಬರಲ್ಲ."

"ಅವಳು ಒಂದು ಮಾತೂ ಹೇಳ್ದೆ ಮನೆ ಬಿಟ್ಟು ಹೋದ್ಲು. ನನ್ನ ಮಾನ ಬೀದಿಗೆ ಬಂತು. ನಾನೇನು ಹೊಡೆದ್ನಾ? ಬೈದ್ನಾ?"

"ಇಲ್ಲ."

"ಮತ್ತೆ?"

"ಮತ್ತೇನಿಲ್ಲ. ಬೀಗ ಹಾಕಿ ಇಟ್ಟಿದೀಯ. ನ್ಯಾಯಪೀಠ ಬೀಗ ತೆಗಿ ಅಂದಿದೆ. ಇಷ್ಟು ದಿನ ನಾನು ಪಕ್ಕದಲ್ಲಿ ಕೂತು ಚಹಾ ಕುಡಿದಿದೀನಿ. ಇನ್ನು ನನ್ನ ಕೈಲಾಗಲ್ಲ."

ಒಳಗಿನಿಂದ ಮೀನಿನವನು "ಹೋಗ್ಲಿ ಬಾರಪ್ಪ, ಸತ್ತೋರು ಏನು ಮಾಡಿದ್ರು ಪಾಪ," ಎಂದು ಗೊಣಗಿದ. ಒಂದು ಹೆಜ್ಜೆ ಇಟ್ಟರೆ ಎಲ್ಲ ಮುಗಿದು ಹೋಗುತ್ತಿತ್ತು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ನಹೂಮ್ ಬೀದಿಗೆ ಬಂದು ಅತ್ತಿತ್ತ ನೋಡಿ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕರೆದ. ವಿಷಯ ಕೇಳಿ ಅವರೂ ಒಳಗೆ ಬಾರದೆ ಬೀದಿಯಲ್ಲೇ ನಿಂತರು. ಗುಡ್ಡದ ಹಿಂದೆ ಸೂರ್ಯ ಇಳಿದ, ಸರೋವರ ಕಪ್ಪಾಯಿತು. ಮೇಷ್ಟ್ರ ಹೆಸರಿನಲ್ಲಿ ಆ ದಿನ ಕಡ್ಡೀಷ್ ಆಗಲಿಲ್ಲ.

ಎಲ್ಕಾನಾ ಮೆಟ್ಟಿಲ ಮೇಲೆ ಕುಸಿದು ಕೂತ. ಪಿನ್ಹಾಸ್ ಹೋಗಿ ಪಕ್ಕದಲ್ಲಿ ಕೂತು ಅತ್ತ. ಸಣ್ಣ ಮಕ್ಕಳಂತೆ ಅತ್ತ.

"ನೀನ್ಯಾಕೆ ಅಳ್ತೀಯ ಈಗ? ಗೆದ್ದೆಯಲ್ಲ," ಎಂದ ಎಲ್ಕಾನಾ.

"ಮೇಷ್ಟ್ರಿಗೆ ಏನು ಹೇಳ್ಲಿ ನಾನು?"

ಎಲ್ಕಾನಾ ಸರೋವರದ ಕಡೆ ಮುಖ ಮಾಡಿ ಮಾತಾಡಿದ. ಬೆಳಗಿನ ದನಿ ಅದಾಗಿರಲಿಲ್ಲ. "ಪತ್ರ ಕೊಟ್ಟ ದಿನ ನಾನು ಯಾರೂ ಅಲ್ಲ ಪಿನ್ಹಾಸ್. ಈಗಾದ್ರೆ ಅವಳ ಗಂಡ ಅಂತಾದ್ರೂ ಇದೀನಿ. ಕೊಟ್ಟ ಮೇಲೆ ಆ ಖಾಲಿ ಮನೆಗೆ ನಾನು ಯಾರು ಅಂತ ಹೋಗಲಿ?"

"ಬೆಳಿಗ್ಗೆ ನನ್ನಂಗಡಿಗೆ ಬಂದು ಮೇಜು ಗುದ್ದೋನು ಯಾರು ಹಾಗಾದ್ರೆ? ನಿನ್ನನ್ನ ಬಿಟ್ರೆ ನನ್ನ ಮಾತು ಕೆಡವೋನು ಈ ಊರಲ್ಲಿ ಯಾರಿದಾರೆ? ಪತ್ರ ಕೊಟ್ಟು ಬಾ. ನೀನು ಬಂದ ದಿನ ಪುಟ ತೆಗೀತೀನಿ. ಅಲ್ಲೀ ತನಕ ಪುಸ್ತಕ ಮುಚ್ಚಿರುತ್ತೆ."

ಎಲ್ಕಾನಾ ಎದ್ದು ಹೋದ.

ಅಂಗಡಿಯಲ್ಲಿ ಬೆಳಗಿನ ಜಗಳ ನಿಂತುಹೋಯಿತು. ಮೀನಿನವನಿಗೂ ಅದು ಸರಿಹೋಗದೆ ಆಗಾಗ ಇತ್ತ ಕಡೆ ಇಣುಕುತ್ತಿದ್ದ. ಎಷ್ಟೋ ದಿನಗಳಾದ ಮೇಲೆ ಒಂದು ಬೆಳಿಗ್ಗೆ ಎಲ್ಕಾನಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿಯ ಮುಂದೆ ನಿಂತ. "ನ್ಯಾಯಪೀಠಕ್ಕೆ ಹೊರಟಿದೀನಿ. ಒಬ್ಬನೇ ಹೋದ್ರೆ ಅರ್ಧ ದಾರೀಲಿ ತಿರುಗಿ ಬರ್ತೀನೇನೋ," ಎಂದ. ಪಿನ್ಹಾಸ್ ಬಾಗಿಲು ಎಳೆದುಕೊಂಡು ಜೊತೆಗೆ ನಡೆದ.

ನ್ಯಾಯಪೀಠದ ಮುಂದೆ ತಿರ್ಜಾ ಪದ್ಧತಿಯಂತೆ ಎರಡು ಕೈಗಳನ್ನೂ ಬೊಗಸೆ ಮಾಡಿ ನಿಂತಳು. ಎಲ್ಕಾನಾ ಮೇಲಿನಿಂದ ಪತ್ರ ಬಿಟ್ಟ. ಅವಳು ಅದನ್ನು ಎದೆಗೆ ಒತ್ತಿಕೊಂಡಳು. "ಒಳ್ಳೇದಾಗ್ಲಿ," ಎಂದ ಅವನು. "ನಿನಗೂ," ಎಂದಳು. ಅಷ್ಟೇ ಮಾತು.

ಆ ಸಂಜೆ ಮಾರುಕಟ್ಟೆಯ ಸಿನಗಾಗ್‌ನಲ್ಲಿ ನಹೂಮ್ ಎಣಿಸುತ್ತ ಬಂದ. ಒಂಬತ್ತನೆಯ ಪದ ಪಿನ್ಹಾಸನ ಮೇಲೆ ಬಂತು. ಎಲ್ಕಾನಾ ಹೊಸ್ತಿಲಿನ ಆಚೆಯೇ, ಕರೆಯದ ಮನೆಗೆ ಬಂದವನಂತೆ ನಿಂತಿದ್ದ. ಪಿನ್ಹಾಸ್ ಹೋಗಿ ಅವನ ತೋಳು ಹಿಡಿದು ಒಳಗೆ ಎಳೆದು ತಂದ.

ನಹೂಮ್ ಕೈ ಮುಂದೆ ಚಾಚಿ ಹತ್ತನೆಯ ಪದ ಹೇಳಿದ.

ಎಲ್ಕಾನಾ ಅಂದು ತಪ್ಪಿಹೋಗಿದ್ದ ಕಡ್ಡೀಷನ್ನು ತಂದೆಯ ಹೆಸರಿನಲ್ಲಿ ಶುರು ಮಾಡಿದ. ನಡುವೆ ಒಂದು ಕಡೆ ದನಿ ಒಡೆಯಿತು. ಪಿನ್ಹಾಸ್ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದ.