ತಂಬೂರಿಗೆ ಒರಗಿದ ತಲೆ

ಕೇಳದ ಮಾತಿಗೆಲ್ಲ ಅಪ್ಪ ನಗುತ್ತ ತಲೆ ಆಡಿಸುತ್ತಿದ್ದರು. ಆ ದಿನ ಜನಾರ್ದನಯ್ಯನವರಿಗೂ ಹಾಗೆಯೇ ತಲೆ ಆಡಿಸಿದರು.

ಮಧೂರಿನ ಅವರ ಮನೆಯಲ್ಲಿ ಹಿರಿಯ ಮಗಳ ಮದುವೆ ಹಿಂದಿನ ದಿನವಷ್ಟೇ ಮುಗಿದಿತ್ತು. ಅಂಗಳದ ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಸಂಜೆ ನಾಲ್ಕು ಗಂಟೆಗೆ ಅದೇ ಚಪ್ಪರದಲ್ಲಿ ಅಪ್ಪನ ಹಾಡುಗಾರಿಕೆ. ಚಿಕ್ಕ ಹುಡುಗಿಯರಿಬ್ಬರಿಗೆ ಸಂಗೀತ ಹೇಳಿಕೊಡಲು ಒಬ್ಬ ಮಾಷ್ಟ್ರು ಬೇಕು, ಒಮ್ಮೆ ಹಾಡಿದ್ದು ಕೇಳಿ ನಿಶ್ಚಯ ಮಾಡುವ ಎಂದು ಜನಾರ್ದನಯ್ಯ ಹೇಳಿ ಕಳಿಸಿದ್ದರು. ಬದಿಯಡ್ಕದ ಎರಡು ಮನೆಯವರು ಆಗಲೇ ಅಪ್ಪನ ಪಾಠ ನಿಲ್ಲಿಸಿಯಾಗಿತ್ತು. ಮಕ್ಕಳು ತಪ್ಪು ಹಾಡಿದರೂ ಗೌರೀಶಂಕರ ಮಾಷ್ಟ್ರು ಸುಮ್ಮನೆ ಕೂತಿರುತ್ತಾರೆ ಎಂಬುದು ಅವರ ದೂರು. ಈ ಮನೆಯೂ ಕೈತಪ್ಪಿದರೆ ಕಾರಣ ಹುಡುಕುವವರು ಹುಟ್ಟಿಕೊಳ್ಳುತ್ತಾರೆ. ಕಾರಣ ಗೊತ್ತಾದರೆ ಯಾವ ಮನೆಯೂ ಉಳಿಯುವುದಿಲ್ಲ.

ಕಾರಣ ನನಗೆ ಗೊತ್ತಿತ್ತು. ಹಿಂದಿನಿಂದ ಕರೆದರೆ ಅಪ್ಪ ತಿರುಗುತ್ತಿರಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಚುಂಯ್ ಎಂದರೂ ಪಕ್ಕದಲ್ಲೇ ಕೂತು ವೀಳ್ಯ ಹಾಕುತ್ತಿದ್ದರು. ನಾವಿಬ್ಬರೂ ಅದರ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ. ತಂಬೂರಿ ಹಿಡಿಯಲು ಜನ ಇಲ್ಲವೆಂದು ನನ್ನನ್ನು ಐದನೇ ಕ್ಲಾಸಿನಲ್ಲಿ ಶಾಲೆ ಬಿಡಿಸಿದ್ದರು. ಅಂದಿನಿಂದ ಅವರ ಎಡಬದಿಯ ಹಿಂದೆ ನನ್ನ ಜಾಗ. ಹಾಡುವಾಗ ಅಪ್ಪ ತಲೆಯನ್ನು ಮೆಲ್ಲನೆ ವಾಲಿಸಿ ಕಿವಿಯ ಹಿಂದಿನ ಎಲುಬನ್ನು ತಂಬೂರಿಯ ದಂಡಿಗೆ ತಾಗಿಸುತ್ತಿದ್ದರು. ಕಿವಿಗೆ ಬಾರದ ಶ್ರುತಿ ಆ ಎಲುಬಿನಿಂದ ಒಳಗೆ ಹೋಗುತ್ತಿತ್ತು. ನೋಡಿದವರು, "ಮಾಷ್ಟ್ರು ಎಷ್ಟು ಲೀನವಾಗಿ ಹಾಡುತ್ತಾರೆ" ಎನ್ನುತ್ತಿದ್ದರು.

ಹಾಡುವವರಿಗೆಂದು ಜಮಖಾನೆ ಹಾಸಿದ ಮಣೆಮಂಚದ ಹತ್ತಿರ ನಾನು ತಂಬೂರಿಯ ಗವಸು ಬಿಚ್ಚುತ್ತಿದ್ದಾಗ ಜನಾರ್ದನಯ್ಯ ಬಂದರು.

"ಮಾಷ್ಟ್ರೇ, ಪ್ರಾಯಕ್ಕೆ ಬಂದ ಹುಡುಗಿ ಇಷ್ಟು ಗಂಡಸರ ಎದುರು ಕೂತುಕೊಳ್ಳುವುದು ಬೇಡ. ಒಳಗೆ ಹೆಂಗಸರೊಟ್ಟಿಗೆ ಇರಲಿ. ನಮ್ಮಲ್ಲಿ ಶ್ರುತಿಪೆಟ್ಟಿಗೆ ಉಂಟು. ನನ್ನ ಭಾವ ಲೋಕನಾಥ ಒತ್ತುತ್ತಾನೆ. ಆಗದಾ?"

ಅಪ್ಪ ನಗುತ್ತ ತಲೆ ಆಡಿಸಿದರು.

ಬೇಡವೆಂದರೆ ಕಾರಣ ಹೇಳಬೇಕಾಗುತ್ತಿತ್ತು. ಪಿಟೀಲಿನ ಕಿಟ್ಟಣ್ಣ ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು, ಬಿಲ್ಲಿಗೆ ರಾಳ ಉಜ್ಜತೊಡಗಿದರು. ತಂಬೂರಿ ಎತ್ತಿಕೊಂಡು ನಾನು ಒಳಗೆ ಹೋದೆ.

ಹೆಂಗಸರು ಚಾವಡಿಯ ಬಾಗಿಲಲ್ಲಿ ಒತ್ತಿಕೊಂಡು ಕೂತಿದ್ದರು. ಜನಾರ್ದನಯ್ಯನವರ ಹೆಂಡತಿ ವಸುಮತಿಯಕ್ಕ ನನಗೆ ತಮ್ಮ ಪಕ್ಕದಲ್ಲಿ ಜಾಗ ಕೊಟ್ಟರು. ಅಲ್ಲಿಂದ ಅಪ್ಪನ ಬೆನ್ನು ಕಾಣುತ್ತಿತ್ತು. ಮೊದಲು ಹಾಡಿದ ವರ್ಣ ಹೇಗೋ ದಾಟಿತು. ಬೆರಳಿಗೆ ಅಭ್ಯಾಸವಾದ ಹಾಗೆ ಗಂಟಲಿಗೂ ಅಭ್ಯಾಸವಾಗಿತ್ತು. ಆಮೇಲೆ ಅಪ್ಪ ಕಲ್ಯಾಣಿ ರಾಗದ ಆಲಾಪನೆ ತೆಗೆದರು. ಸ್ವಲ್ಪ ಹೊತ್ತಿಗೆ ಅವರ ತಲೆ ಎಡಕ್ಕೆ ವಾಲಿತು. ಅಲ್ಲಿ ದಂಡಿ ಇರಲಿಲ್ಲ. ತಲೆ ಇನ್ನೂ ಸ್ವಲ್ಪ ವಾಲಿತು, ನಿಂತಿತು, ನೆಟ್ಟಗಾಯಿತು.

ಸ್ವರ ಇಳಿಯತೊಡಗಿತು. ಮೊದಲು ಕೂದಲೆಳೆಯಷ್ಟು. ಕಿಟ್ಟಣ್ಣ ಬೆರಳು ಜಾರಿಸಿ, ಅಪ್ಪ ಇಳಿದಲ್ಲಿಗೇ ತಾವೂ ಇಳಿದು ಕೂತರು. ಆದರೆ ಶ್ರುತಿಪೆಟ್ಟಿಗೆ ಇಳಿಯುತ್ತದೆಯೇ? ಲೋಕನಾಥಣ್ಣ ಕಣ್ಣು ಮುಚ್ಚಿ, ಭಕ್ತಿಯಿಂದ, ಅದನ್ನು ಒತ್ತುತ್ತಲೇ ಇದ್ದರು.

"ಮಾಷ್ಟ್ರಿಗೆ ಶೀತವಾ ಎಂತ?" ವಸುಮತಿಯಕ್ಕ ಕೇಳಿದರು.

"ಶೀತ ಅಲ್ಲ ಮಾರಾಯ್ತಿ," ಅವರ ಅತ್ತೆ ಹೇಳಿದರು. "ಪೆಟ್ಟಿಗೆ ಒಂದು ಗದ್ದೆಗೆ, ಮಾಷ್ಟ್ರು ಒಂದು ಗದ್ದೆಗೆ. ಉಳುವುದು ಹೇಗೆ?"

ಯಾರೋ ನಕ್ಕರು. ಚಪ್ಪರದಲ್ಲಿ ಜನಾರ್ದನಯ್ಯ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಪಕ್ಕದವರು ಬೆರಳಿನಿಂದ ತಮ್ಮ ಕಿವಿಯನ್ನೇ ಮುಟ್ಟಿಕೊಂಡರು. ಅದು ಬರೀ ತುರಿಕೆಯೇ ಇರಬಹುದು. ನನಗೆ ಮಾತ್ರ ಹಾಗೆ ಕಾಣಲಿಲ್ಲ.

ಎದ್ದು ತಂಬೂರಿಯನ್ನು ಅಡುಗೆಮನೆಯ ಓಣಿಗೆ ತಂದೆ. ಅಲ್ಲಿ ಹಂಡೆ ತೊಳೆಯುವ ಸದ್ದು. ಸೆಕೆಗೆ ತಂತಿ ಸಡಿಲಿತ್ತು. ಆ ಸದ್ದಿನಲ್ಲಿ ಮೀಟಿದ್ದು ಸರಿಯಾಗಿ ಕೇಳಲಿಲ್ಲ. ಆಗ ಅಪ್ಪನ ಹಾಗೆಯೇ ಕಿವಿಯ ಹಿಂದಿನ ಎಲುಬನ್ನು ದಂಡಿಗೆ ಒತ್ತಿದೆ. ತಂತಿಯ ನಾದ ನನ್ನ ಹಲ್ಲಿನವರೆಗೆ ಬಂತು. ಹೊರಗಿನ ಪೆಟ್ಟಿಗೆಯ ಸದ್ದನ್ನು ಇನ್ನೊಂದು ಕಿವಿಯಲ್ಲಿ ಹಿಡಿದು ಬಿರಡೆ ತಿರುಗಿಸಿದೆ. ಅವಸರಕ್ಕೆ ಒಂದು ತಂತಿ ಮೇಲೆ ಹೋಯಿತು. ಮತ್ತೆ ಇಳಿಸಿದೆ. ಆ ಹೊತ್ತಿಗೆ ಹೊರಗೆ ಅಪ್ಪ ಮೇಲಿನ ಷಡ್ಜಕ್ಕೆ ಹೊರಟು, ಅದನ್ನು ಮುಟ್ಟದೆ, ಮುಟ್ಟಿದೆನೆಂದು ತಿಳಿದು ಅಲ್ಲೇ ನಿಂತಿದ್ದರು. ಚಪ್ಪರದಲ್ಲಿ ಕೆಮ್ಮು ಎದ್ದಿತು.

ಹೆಂಗಸರ ನಡುವಿನಿಂದ ಹೊರಗೆ ಬಂದೆ. "ಎಲ್ಲಿಗೆ ಕೂಸೇ?" ಎಂದು ವಸುಮತಿಯಕ್ಕ ಸೆರಗು ಹಿಡಿದರು. ಸೆರಗು ಬಿಡಿಸಿಕೊಂಡೆ. ಗಂಡಸರ ಸಾಲಿನ ನಡುವೆ ದಾರಿ ಇರಲಿಲ್ಲ. ಒಬ್ಬರ ಮೊಣಕಾಲಿಗೆ ತಂಬೂರಿಯ ಬುರುಡೆ ತಾಗಿತು. ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಜನಾರ್ದನಯ್ಯ ಎದ್ದು ನಿಂತರು. ನಾನು ತಲೆ ಎತ್ತದೆ ಮಣೆಮಂಚ ಹತ್ತಿದೆ.

ಕಿಟ್ಟಣ್ಣ ಬಿಲ್ಲು ನಿಲ್ಲಿಸದೆ ಮೊಣಕಾಲು ಮಡಚಿ ಜಾಗ ಬಿಟ್ಟರು.

ಅಪ್ಪನ ಹಿಂದೆ ಕೂತು ದಂಡಿಯನ್ನು ಅವರ ಕಿವಿಯ ಹಿಂದಕ್ಕೆ ತಾಗಿಸಿ ಮೀಟಿದೆ. ಅವರು ಬೆಚ್ಚಿದರು. ಹಿಡಿದ ಸ್ವರವನ್ನು ಅಲ್ಲೇ ಬಿಟ್ಟರು. ಆಗ ಲೋಕನಾಥಣ್ಣ ಕಣ್ಣು ಬಿಟ್ಟು, "ನಾನು ನಿಲ್ಲಿಸಬೇಕಾ?" ಎಂದು ಪಿಸುಗುಟ್ಟಿದರು.

"ನಿಮ್ಮ ಕೈ ಸೋತಿರಬಹುದು. ಸ್ವಲ್ಪ ಕೂತುಕೊಳ್ಳಿ," ಎಂದರು ಕಿಟ್ಟಣ್ಣ.

"ಕೂತೇ ಇದ್ದೇನಲ್ಲ ಮಾರಾಯ್ರೇ."

ಅಪ್ಪ ಉಸಿರೆಳೆದುಕೊಂಡು ಕೆಳಗಿನ ಷಡ್ಜ ಹಿಡಿದರು. ಅದು ತಂಬೂರಿಯೊಳಗೆ ಹೋಗಿ ಕೂತದ್ದು ನನ್ನ ಬೆರಳಿಗೇ ತಿಳಿಯಿತು. ಅಲ್ಲಿಂದ ಅವರು ಮೇಲೆ ಹೋದರು, ಅವಸರ ಮಾಡದೆ, ಒಂದೊಂದೇ ಸ್ವರವನ್ನು ಮುಟ್ಟಿ ನೋಡಿಕೊಂಡು. ಕೆಮ್ಮು ನಿಂತಿತು. ನನ್ನ ಹೆದರಿಕೆ ನಿಲ್ಲಲಿಲ್ಲ. ಚಪ್ಪರದ ಬಿಸಿಲು ಇಳಿಯುವವರೆಗೆ ಅಪ್ಪ ಹಾಡಿದರು. ನಡುನಡುವೆ ನಾನು ಜನಾರ್ದನಯ್ಯನವರ ಕಾಲುಗಳನ್ನು ನೋಡುತ್ತಿದ್ದೆ. ಅವರು ಮತ್ತೆ ಕೂತದ್ದು ಯಾವಾಗ ಎಂದು ಗೊತ್ತಾಗಲಿಲ್ಲ. ಪಲ್ಲವಿಯ ಹೊತ್ತಿಗೆ ಒಂದು ಪಾದ ತಾಳ ಹಾಕುತ್ತಿತ್ತು.

ಕಾಫಿಯ ಹೊತ್ತಿನಲ್ಲಿ ಅವರು ಅಪ್ಪನ ಎಡಬದಿಗೆ ಬಂದು ನಿಂತರು. ಆ ಬದಿಯಿಂದ ಅಪ್ಪನಿಗೆ ಏನೂ ಕೇಳುತ್ತಿರಲಿಲ್ಲ.

"ಮೊದಲು ಸ್ವಲ್ಪ ಬಿಗಿ ಇತ್ತು, ಮತ್ತೆ ಬಿಸಿಯಾಯಿತು. ಬರುವ ಶುಕ್ರವಾರ ಮಕ್ಕಳಿಗೆ ಶುರು ಮಾಡಿ. ಒಂದೇ ಮಾತು. ಮಗಳನ್ನು ಕರೆದುಕೊಂಡು ಬರಬೇಡಿ. ಹೇಳಿದ್ದು ಕೇಳುವವಳಲ್ಲ ಅವಳು."

ಅಪ್ಪನ ಮುಖದಲ್ಲಿ ಆ ನಗು ಏಳುತ್ತಿತ್ತು. ತಲೆ ಆಡುವುದೊಂದೇ ಬಾಕಿ.

"ತಂಬೂರಿ ನಾನೇ ಹಿಡಿಯುವುದು," ಎಂದೆ. ನನ್ನ ಧ್ವನಿ ನನಗೇ ಜೋರೆನಿಸಿತು. "ಪಾಠಕ್ಕೂ."

ಜನಾರ್ದನಯ್ಯ ಲೋಟ ಕೆಳಗಿಟ್ಟರು. ಬಾಗಿಲಲ್ಲಿ ವಸುಮತಿಯಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು.

"ಇದಕ್ಕೆ ಬಾಯಿ ಉಂಟಲ್ಲ. ನಾನು ಮೂಕಿ ಎಂದು ಎಣಿಸಿದ್ದೆ." ಆಮೇಲೆ ಗಂಡನಿಗೆ ಹೇಳಿದರು: "ಹೌದಲ್ಲ ಮತ್ತೆ, ಪಾಠ ಮಾಳಿಗೆಯಲ್ಲಿ, ನಮ್ಮ ಹೆಣ್ಣುಮಕ್ಕಳು, ಪರ ಗಂಡಸು. ನೀವು ದಿನಾ ಕಾವಲು ಕೂತುಕೊಳ್ಳುತ್ತೀರಾ? ಒಂದು ಹೆಣ್ಣು ಇರಲಿ."

ಜನಾರ್ದನಯ್ಯ ಲೋಟ ಮತ್ತೆ ಎತ್ತಿಕೊಂಡರು. "ಹಾಗಾದರೆ ಹಾಗೆ," ಎಂದರು.

ಅಪ್ಪ ನಗುತ್ತ ತಲೆ ಆಡಿಸಿದರು.

ಕಿಟ್ಟಣ್ಣ ಬಸ್ಸಿಗೆಂದು ಬೇರೆ ದಾರಿ ಹಿಡಿದ ಮೇಲೆ ನಾವಿಬ್ಬರೇ ಹೊಳೆಯ ಬದಿಯಲ್ಲಿ ನಡೆದೆವು. ಇನ್ನೂ ತುಸು ಬೆಳಕಿತ್ತು. ಅಪ್ಪ ನಿಂತು, ನನ್ನ ತುಟಿ ಕಾಣುವ ಹಾಗೆ ತಿರುಗಿದರು.

"ಜಲಜಾ, ಅವರು ಹೇಳಿದ್ದೆಂತ?"

ಅವರು ಹಾಗೆ ಕೇಳಿದ್ದು ಅದೇ ಮೊದಲು. ಎಲ್ಲವನ್ನೂ ಹೇಳಿದೆ, ತುಸು ಕೇಳುವ ಬಲಗಿವಿಯ ಬದಿಗೆ ನಿಂತು, ನಿಧಾನವಾಗಿ.

"ಕಲ್ಯಾಣಿಯಲ್ಲಿ ಎಷ್ಟು ಇಳಿದಿದ್ದೆ?"

"ಸ್ವಲ್ಪ."

"ಸುಳ್ಳು ಹೇಳಬೇಡ ಮಗಾ."

"ಅರ್ಧ ಮನೆ," ಎಂದೆ. ಹಾರ್ಮೋನಿಯಮ್ಮಿನಲ್ಲಿ ಬಿಳಿ ಮನೆಯಿಂದ ಪಕ್ಕದ ಕಪ್ಪು ಮನೆಗೆ ಇರುವಷ್ಟು.

ಅಪ್ಪ ತಲೆ ಆಡಿಸಲಿಲ್ಲ. ನನ್ನ ಹೆಗಲಿನಿಂದ ತಂಬೂರಿ ತೆಗೆದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು.