ತಕ್ಕಡಿಯಲ್ಲಿ ಕೂತ ಕೂಸು

ಮುತ್ತಿನಕೊಪ್ಪದ ಭೈರಮ್ಮ ಬಸ್ಸಿಳಿಯುವಾಗ ಸೆರಗು ಸೊಂಟಕ್ಕೆ ಬಿಗಿದೇ ಇರುತ್ತಿತ್ತು; ಕಂಕುಳಲ್ಲಿದ್ದ ಮೊಮ್ಮಗಳ ಮೇಲೆ ಅದನ್ನು ಹೊದಿಸಿದವರೇ ಅಲ್ಲ. ಸಂತೆಯ ದಿನ ನರಸಿಂಹರಾಜಪುರದ ಪೇಟೆಯಲ್ಲಿ ಅವರ ನಡೆ ನೇರ ಗುಲಾಮ್ ಹುಸೇನರ ಕಾಳುಮೆಣಸಿನ ಅಂಗಡಿಗೆ. ಅಂಗಿ, ಉಡಿದಾರ, ಹೊಟ್ಟೆಗೆ ಸುತ್ತಿದ ಬಟ್ಟೆ ಎಲ್ಲವನ್ನೂ ಬಿಚ್ಚಿ, ಕೂಸನ್ನು ಜನರೆದುರೇ ತಕ್ಕಡಿಯ ತಟ್ಟೆಯಲ್ಲಿ ಕೂರಿಸುತ್ತಿದ್ದರು.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಮಾತು. ಕೂಸು ಮಲದ್ವಾರವಿಲ್ಲದೆ ಹುಟ್ಟಿತ್ತು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಟ್ಟೆಯ ಪಕ್ಕ ಕೊಯ್ದು ಮಲ ಹೊರಬರಲು ದಾರಿ ಮಾಡಿ ಜೀವ ಉಳಿಸಿದ್ದರು. ಎಂಟು ಕಿಲೋ ತುಂಬಿದ ಮೇಲೆ ಕರೆತಂದರೆ, ಇರಬೇಕಾದಲ್ಲೇ ದಾರಿ ಮಾಡುವುದಾಗಿ ಡಾಕ್ಟರು ಹೇಳಿದ್ದರು.

ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡವರಿಗೆ, "ನಿಮ್ಮ ಹೊಟ್ಟೇಲೂ ಅದೇ ಇರೋದು, ಮುಚ್ಚಿಟ್ಕೊಂಡೀರಿ ಅಷ್ಟೆ" ಎನ್ನುತ್ತಿದ್ದರು. ಎಳೆಮಕ್ಕಳನ್ನು ತಕ್ಕಡಿಯಲ್ಲಿ ತೂಗಿದರೆ ಏಳಿಗೆಯಿಲ್ಲವೆಂಬುದು ಊರಿನ ನಂಬಿಕೆ.

"ದೃಷ್ಟಿ ತಾಗ್ತದೆ ಮಾರಾಯ್ತಿ" ಎಂದು ನೆರೆಮನೆಯ ಯಮುನಮ್ಮ ತಡೆದರೆ, "ತಾಗ್ಲಿ. ಇಂಥದೊಂದು ಕೂಸು ಇದೆ ಅಂತಾದ್ರೂ ಗೊತ್ತಾಗ್ಲಿ" ಎಂಬ ಉತ್ತರ.

ರಾಗಿಸರಿ, ಬಾಳೆಹಣ್ಣು, ಏನು ತಿನ್ನಿಸಿದರೂ ತೂಕ ಎಂಟು ಮುಟ್ಟಲಿಲ್ಲ. ಕೊನೆಗೊಂದು ಸಂತೆಯ ದಿನವೂ ಹುಸೇನರು ತಕ್ಕಡಿ ಎತ್ತಿ, "ಏಳೂವರೆ" ಎಂದರು.

ಭೈರಮ್ಮ ಎದುರಿನ ತಟ್ಟೆ ನೋಡಿದರು. ಐದರ ಕಲ್ಲು, ಎರಡರದು, ಒಂದರದು.

"ಸಾಬ್ರೆ, ಕಲ್ಲು ಎಂಟಿದೆ. ನಿಮ್ಮ ಬಾಯಲ್ಲಿ ಏಳೂವರೆ ಎಂತಕ್ಕೆ?"

ಹುಸೇನರು ಕಲ್ಲುಗಳನ್ನೊಮ್ಮೆ, ಕೂಸನ್ನೊಮ್ಮೆ ನೋಡಿದರು. ಮೆಣಸು ತಂದವರ ಚೀಲದ ತೂಕದಲ್ಲಿ ತೇವಕ್ಕೆಂದು ಅಷ್ಟಿಷ್ಟು ಕಳೆದೇ ಹೇಳುವುದು ಅಂಗಡಿಯ ರೂಢಿ. ನಾಲಿಗೆ ಕೂಸನ್ನೂ ಬಿಟ್ಟಿರಲಿಲ್ಲ.

"ತೇವ ಕಳ್ದೆ ಅಮ್ಮಾ. ಅಭ್ಯಾಸ."

"ಕೂಸೆಂತ ಹಸಿ ಮೆಣಸಾ, ಒಣಗಿಸಿ ತರ್ಲಿಕ್ಕೆ?"

ಸುತ್ತಲಿದ್ದವರು ನಕ್ಕರು. ಹುಸೇನರು ನಗಲಿಲ್ಲ. "ಹೋದ ಸಂತೇಲೂ ಕಳ್ದಿರ್ಬೇಕು" ಎಂದರು ಮೆಲ್ಲಗೆ.

"ಹೋದದ್ದು ಹೋಯ್ತು. ಈಗ ಎಷ್ಟು?"

"ಎಂಟು."

"ಇವರಿಗೆಲ್ಲ ಕೇಳೋ ಹಾಗೆ ಹೇಳಿ."

ಹುಸೇನರು ಗದ್ದುಗೆಯಿಂದ ಎದ್ದು ನಿಂತು, "ಎಂಟು ಕಿಲೋ" ಎಂದು ಗಟ್ಟಿಯಾಗಿ ಸಾರಿದರು.

ಹುಟ್ಟಿದ ಜೀವವನ್ನು ಹುಟ್ಟಿದ ಹಾಗೆಯೇ ಬೀದಿಗೆ ತಂದು ನಿಲ್ಲಿಸುವ ಇಂಥ ಮಂದಿ ಪೇಟೆಯಲ್ಲಿ ಸರಿಯಾದ ತೂಕವನ್ನಷ್ಟೇ ಕೇಳುತ್ತಾರೆ. ಯಾರಾದರೂ ಕರುಣೆ ಸೇರಿಸಿ ಕೊಡಹೋದರೆ ಸಿಡುಕುತ್ತಾರೆ.

ಮರುದಿನದ ಬಸ್ಸಿನಲ್ಲಿ ಕಂಡಕ್ಟರು ಹಿಂದಿನ ಸೀಟು ತೋರಿಸಿದ. ಭೈರಮ್ಮ ಡ್ರೈವರನ ಹಿಂದೆಯೇ ಕೂತು, ಕೂಸನ್ನು ತೊಡೆಗೇರಿಸಿಕೊಂಡು, ಮಂಗಳೂರಿಗೆ ಟಿಕೆಟ್ ಕೇಳಿದರು.