ಅಜ್ಜಿಯ ಬೆನ್ನಿನ ಅಳತೆ

ಹೊಲಿಗೆಯ ಗುರುತು ಹಾಕುವ ಅಮ್ಮನ ಹಲ್ಲುಚಕ್ರವನ್ನು ಕಪ್ಪು ಶಾಯಿಯಲ್ಲಿ ಅದ್ದಿ, ಮಗಳು ಅದನ್ನು ಚಿತ್ರಕ್ಕೆಂದು ಹರಡಿದ್ದ ಕಂದು ಕಾಗದದ ಮೇಲೆ ಉರುಳಿಸಿದಳು. ಮೇಣ ಉಜ್ಜಿದ ಕಡೆ ಚಕ್ರ ಜಾರಿತು. ಇದ್ದಿಲು ತೆಳ್ಳಗೆ ಬಳಿದ ಕಡೆ ಇರುವೆಸಾಲಿನಂತೆ ಚುಕ್ಕಿ ಬಿಟ್ಟಿತು. ಖುಷಿ ತಡೆಯಲಾರದೆ ಬಾಚಣಿಗೆಯಿಂದಲೂ ಗೀರಿದಳು.

"ಮುಖವೆಲ್ಲ ಮಸಿ! ಒಲೆಯೊಳಗೆ ಹೊಕ್ಕಿದ್ಯೇನೇ?" ಎನ್ನುತ್ತ ಒಳಬಂದ ಅಮ್ಮ ಕಾಗದ ನೋಡಿ ನಿಂತುಬಿಟ್ಟಳು. "ಇದೆಲ್ಲಿ ಸಿಕ್ತು?"

"ಮಿಷನ್ ಕೆಳಗೆ. ರದ್ದಿ ಅಂದ್ಕೊಂಡೆ."

"ಅಜ್ಜಿ ಕೋಟಿನ ಬೆನ್ನು ಕಣೇ ಅದು."

ಮಗಳು ಬಾಚಣಿಗೆ ಕೆಳಗಿಟ್ಟಳು. ಅಜ್ಜಿಯ ಗೂನುಬೆನ್ನಿಗೆ ಅಂಗಡಿಯ ಯಾವ ಕೋಟೂ ಕೂರುತ್ತಿರಲಿಲ್ಲ. ಅವರು ಗೋಡೆ ಹಿಡಿದು ನಿಲ್ಲುವಷ್ಟು ಗಟ್ಟಿಯಿದ್ದಾಗ ಅಮ್ಮ ಅಳೆದು, ಕತ್ತರಿಸಿ, ತಿದ್ದಿ ಮಾಡಿಟ್ಟ ಅಳತೆಯ ಕಾಗದವದು. ಈಗ ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ಮತ್ತೆ ನಿಲ್ಲಿಸಿ ಅಳೆಯುವ ಮಾತೇ ಇಲ್ಲ. ಚಿತ್ರದ ಹಲಗೆಗೆ ಕೂರಲೆಂದು ಗೂನಿಗೆ ತಕ್ಕಂತಿದ್ದ ಅದರ ಸೊಟ್ಟ ಅಂಚನ್ನೆಲ್ಲ ಮಗಳು ನೆಟ್ಟಗೆ ಕತ್ತರಿಸಿ ಎಸೆದಿದ್ದಳು. ಚೂರುಗಳನ್ನು ಬೆಳಿಗ್ಗೆ ಕಸದವರು ಒಯ್ದಿದ್ದರು.

"ಕೋಟು ಆಯ್ತೇನೇ? ಚಳಿ ಕಣೇ," ಒಳಕೋಣೆಯಿಂದ ಅಜ್ಜಿ ಕೂಗಿದರು.

"ಆಗ್ತಿದೆ ಅತ್ತೆ," ಎಂದ ಅಮ್ಮ ಬಗ್ಗಿ ಚಿತ್ರವನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಮಗಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಚೆನ್ನಾಗೇನೋ ಬಂದಿದೆ. ಹೋಗಿದ್ದಂತೂ ಹೋಯ್ತು, ಕಾಲೇಜಿನ ಪ್ರದರ್ಶನಕ್ಕಾದ್ರೂ ಕೊಡು. ಫ್ರೇಮು ನಾನೇ ಹಾಕಿಸ್ತೀನಿ."

"ಬೇಡ," ಎಂದಳು ಮಗಳು. "ನಾನು ಕೊಡಲ್ಲ."